ಹಳದಿ ಲೈನ್‌ನಲ್ಲಿ ವಾಷಿಂಗ್ಟನ್

ನಮ್ಮ ಮೆಟ್ರೊದ ಹಳದಿ ಮಾರ್ಗಕ್ಕೆ ಇನ್ನೂ ವರ್ಷ ತುಂಬಿಲ್ಲ. 2025ರ ಆಗಸ್ಟ್ 10ರಂದು ಪ್ರಧಾನಿ ಉದ್ಘಾಟಿಸಿದರು, ಮಾರನೇ ದಿನದಿಂದ ಜನ ಹತ್ತಿದರು. ಆರ್‌ವಿ ರೋಡಿನಿಂದ ಬೊಮ್ಮಸಂದ್ರದವರೆಗೆ 19.15 ಕಿಲೋಮೀಟರ್, 16 ನಿಲ್ದಾಣ. ಒಂದು ತುದಿಯಿಂದ ಇನ್ನೊಂದು ತುದಿಗೆ ಟಿಕೆಟ್ 60 ರೂಪಾಯಿ. ಎಲ್ಲಿಯೂ ಸುರಂಗ ಇಲ್ಲ, ಪೂರ್ತಿ ಕಂಬಗಳ ಮೇಲೆಯೇ ಓಡುತ್ತೆ. ಹಾಗಾಗಿ ಬಾಗಿಲ ಪಕ್ಕ ನಿಂತುಕೊಂಡರೆ ದಕ್ಷಿಣ ಬೆಂಗಳೂರನ್ನು ಮೂರನೇ ಮಹಡಿಯ ಬಾಲ್ಕನಿಯಿಂದ ನೋಡಿದ ಹಾಗೆ ನೋಡಬಹುದು. ಟ್ಯಾಂಕ್‌ಗಳು, ಸೋಲಾರ್ ಪ್ಲೇಟುಗಳು, ಒಣಗಲು ಹಾಕಿದ ಸೀರೆಗಳು, ತೆಂಗಿನ ಮರದ ತುದಿ, ಎಲ್ಲ ಕಣ್ಣಿನ ಮಟ್ಟಕ್ಕೇ ಬರುತ್ತವೆ.

ವಾರದ ದಿನಗಳಲ್ಲಿ ಆಫೀಸಿಗೆ ಹೋಗೋದು ಇದರಲ್ಲೇ. ಆದರೆ ಆಗ ಊರು ಕಾಣಿಸಲ್ಲ, ಮುಂದೆ ನಿಂತವರ ಬ್ಯಾಗು ಕಾಣಿಸುತ್ತೆ. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಸುಮ್ಮನೆ ಊರು ನೋಡೋಕೆ ಅಂತ ಹತ್ತಿದೆ. ಜೊತೆಗೆ ಅಕ್ಕನ ಮಗ ಇದ್ದ. ಏಳು ವರ್ಷ, ಹುಟ್ಟಿದ್ದು ಡಲ್ಲಾಸ್‌ನಲ್ಲಿ. ಈಗ ಒಂದೂವರೆ ತಿಂಗಳಿಂದ ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ಮನೆಯಲ್ಲಿದ್ದಾನೆ. ಯಾಕೆ ಇನ್ನೂ ಇಲ್ಲೇ ಇದ್ದಾನೆ ಅನ್ನೋದು ಮುಂದೆ ಬರುತ್ತೆ.

ಅಮೆರಿಕದ ರಾಜಕೀಯ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ರಾತ್ರಿ ಟಿವಿಯಲ್ಲಿ ನಾಲ್ಕು ಜನ ಕೂಗಾಡುವ ವಿಷಯ. ಆದರೆ ಈ ಹತ್ತೊಂಬತ್ತು ಕಿಲೋಮೀಟರ್ ದಾರಿಯಲ್ಲಿ ಅದಕ್ಕೆ ಒಂದೊಂದು ಸ್ಟೇಷನ್ ಇದೆ. ನಾನು ನೋಡಿದ್ದನ್ನು ಅದೇ ಕ್ರಮದಲ್ಲಿ ಹೇಳ್ತೀನಿ.

ಆರ್‌ವಿ ರೋಡ್

ಹಸಿರು ಮಾರ್ಗದಿಂದ ಇಳಿದು ಹಳದಿಗೆ ಬದಲಾಯಿಸುವ ಜಾಗ ಇದು. ಕೆಳಗೆ ಲಕ್ಷ್ಮಣರಾವ್ ಪಾರ್ಕಿನ ಉದ್ದನೆಯ ಹಸಿರು ಪಟ್ಟಿ, ಅದರಾಚೆ ಜಯನಗರ. 1948ರಲ್ಲಿ ರಾಜಾಜಿ ಅಡಿಗಲ್ಲು ಹಾಕಿದ ಬಡಾವಣೆ, ಅಶೋಕ ಪಿಲ್ಲರ್ ಅದರ ಗುರುತು. ಆಗ ಊರು ಮುಗಿಯುತ್ತಿದ್ದ ಜಾಗಕ್ಕೆ ಇಟ್ಟ ಹೆಸರು ಸೌತ್ ಎಂಡ್. ಈಗ ಅಲ್ಲಿಂದ ದಕ್ಷಿಣಕ್ಕೆ ಎಷ್ಟು ದೂರ ಹೋದರೂ ಊರು ಮುಗಿಯಲ್ಲ.

ಜಯನಗರದ ಯಾವ ಪಾರ್ಕಿಗೆ ಬೇಕಾದರೂ ಬೆಳಿಗ್ಗೆ ಏಳಕ್ಕೆ ಹೋಗಿ, ಬೆಂಚಿನ ಮೇಲೆ ಕೂತ ಹಿರಿಯರ ಮಾತು ಕೇಳಿಸಿಕೊಳ್ಳಿ. "ಈಗ ಅಲ್ಲಿ ಎಷ್ಟು ಗಂಟೆ?" ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಅಲ್ಲಿ ಅಂದರೆ ಎಲ್ಲಿ ಅಂತ ಯಾರೂ ಕೇಳಲ್ಲ. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನು ಬದಲಿಸಿ ದೇಶವಾರು ಹಳೇ ಕೋಟಾ ತೆಗೆದ ಮೇಲೆ ನಮ್ಮ ಡಾಕ್ಟರುಗಳು, ಎಂಜಿನಿಯರುಗಳು ಹೊರಟರು. 1990ರ ಕಾನೂನು ಎಚ್-1ಬಿ ವೀಸಾ ತಂದಿತು. ಆಮೇಲೆ ವೈ2ಕೆ ಬಂತು, ಸಾಫ್ಟ್‌ವೇರ್ ಹುಡುಗರು ಗುಂಪುಗುಂಪಾಗಿ ಹೋದರು. ಅಮೆರಿಕದ ಸಂಸತ್ತಿನಲ್ಲಿ ಒಂದು ಮಸೂದೆ ಪಾಸಾದರೆ ಹತ್ತು ವರ್ಷದ ನಂತರ ಜಯನಗರದ ಒಂದು ಮನೆಯಲ್ಲಿ ಮೇಲಿನ ಮಹಡಿ ಖಾಲಿಯಾಗುತ್ತೆ. ನಮ್ಮ ಬೀದಿಯಲ್ಲೇ ಅಂಥ ಮೂರು ಮನೆ ಇವೆ. ಮೇಲೆ ಬೀಗ, ಕೆಳಗೆ ಗಂಡ ಹೆಂಡತಿ ಇಬ್ಬರೇ.

ವರ್ಷಕ್ಕೆ ಕೊಡುವ ಹೊಸ ಎಚ್-1ಬಿ 85,000. ಅದರಲ್ಲಿ 65,000 ಸಾಮಾನ್ಯ, ಉಳಿದ 20,000 ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಮಾಸ್ಟರ್ಸ್ ಓದಿದವರಿಗೆ. ಕೇಳುವವರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಅದಕ್ಕೇ ಲಾಟರಿ. ಮಂಜೂರಾಗುವ ಅರ್ಜಿಗಳಲ್ಲಿ ಸುಮಾರು ಶೇ 70 ಭಾರತೀಯರದ್ದು. ಅಂದಮೇಲೆ ಅಲ್ಲಿ ಎಚ್-1ಬಿ ಬಗ್ಗೆ ಜಗಳ ಶುರುವಾದರೆ, ಹೆಸರು ಹೇಳದಿದ್ದರೂ, ಅದು ನಮ್ಮ ಬಗ್ಗೆಯೇ.

ರಾಗಿಗುಡ್ಡ

ರೈಲು ಮಾರೇನಹಳ್ಳಿ ರಸ್ತೆಯ ಮೇಲೆ ಪೂರ್ವಕ್ಕೆ ತಿರುಗುತ್ತೆ. ಜಯನಗರ ಒಂಬತ್ತನೇ ಬ್ಲಾಕಿನ ಗುಡ್ಡದ ಮೇಲೆ ಆಂಜನೇಯ. ರಾಗಿಯ ರಾಶಿ ಕಲ್ಲಾಗಿ ಗುಡ್ಡವಾಯಿತು ಅನ್ನೋ ಕಥೆ ಇಲ್ಲಿಯವರಿಗೆಲ್ಲ ಗೊತ್ತು. ಬೇಡಲು ಬಂದವರಿಗೆ ಸೊಸೆ ರಾಗಿ ಕೊಡಲು ಹೋದಳು, ಅತ್ತೆ ತಡೆದಳು, ರಾಶಿ ಕಲ್ಲಾಯಿತು. ನಮ್ಮಮ್ಮ ಡಿಸೆಂಬರ್‌ನಿಂದ ಪ್ರತಿ ಶನಿವಾರ ಇಲ್ಲಿಗೆ ಬರ್ತಿದ್ದಾರೆ. ಬೇಡಿಕೆ ಒಂದೇ, ಅಕ್ಕನ ಇಂಟರ್‌ವ್ಯೂ.

ಅಪ್ಪನಿಗೆ ಎಪ್ಪತ್ತು ತುಂಬಿತು. ಧನುರ್ಮಾಸಕ್ಕೆ ಮುಂಚೆ ಭೀಮರಥ ಶಾಂತಿ ಮಾಡಿಸೋಣ ಅಂತ ಡಿಸೆಂಬರ್ ಮೊದಲ ವಾರ ಇಟ್ಟುಕೊಂಡೆವು. ಅಕ್ಕ, ಭಾವ, ಮಗ ಮೂವರೂ ಬಂದರು. ಅಕ್ಕನದು ಎಚ್-1ಬಿ, ಭಾವನದು ಅದಕ್ಕೆ ಹೊಂದಿಕೊಂಡ ಎಚ್-4. ಇಬ್ಬರ ಪಾಸ್‌ಪೋರ್ಟಿಗೂ ಹೊಸ ವೀಸಾ ಮುದ್ರೆ ಬೇಕಿತ್ತು. ಹಿಂದೆ ಇಂಥವರು ಕಾಗದಪತ್ರ ಕೊಟ್ಟುಬಂದರೆ ಆಗುತ್ತಿತ್ತು. 2025ರ ಸೆಪ್ಟೆಂಬರ್‌ನಿಂದ ಬಹುತೇಕ ಎಲ್ಲರೂ ಖುದ್ದು ಸಂದರ್ಶನಕ್ಕೆ ಹೋಗಬೇಕು. ಮೆಕ್ಸಿಕೊ, ಕೆನಡಾದಂಥ ಬೇರೆ ದೇಶದಲ್ಲಿ ಮುಗಿಸಿಕೊಂಡು ಬರುವ ದಾರಿಯೂ ಆಗಲೇ ಮುಚ್ಚಿತು. ಸರಿ, ಚೆನ್ನೈನಲ್ಲಿ ಡಿಸೆಂಬರ್ ಮೂರನೇ ವಾರಕ್ಕೆ ದಿನ ಸಿಕ್ಕಿತ್ತು.

ಅಷ್ಟರಲ್ಲಿ ಇನ್ನೊಂದು ನಿಯಮ ಬಂತು. ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಅರ್ಜಿದಾರರ ಸೋಷಿಯಲ್ ಮೀಡಿಯಾ ಖಾತೆಗಳನ್ನೂ ಪರಿಶೀಲಿಸಬೇಕು, ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು ಅಂತ. ಪ್ರತಿ ವೀಸಾ ನಿರ್ಧಾರವೂ ರಾಷ್ಟ್ರೀಯ ಭದ್ರತೆಯ ನಿರ್ಧಾರ ಅನ್ನೋದು ಅವರ ವಿವರಣೆ. ಒಬ್ಬೊಬ್ಬರ ಖಾತೆ ನೋಡಲು ಸಮಯ ಬೇಕಲ್ಲ, ಹಾಗಾಗಿ ದಿನಕ್ಕೆ ಕರೆಯುವವರ ಸಂಖ್ಯೆ ಇಳಿಸಿದರು. ಡಿಸೆಂಬರ್‌ನಲ್ಲಿದ್ದ ಸಾವಿರಾರು ಜನರ ದಿನಾಂಕಗಳು ಹೊಸ ವರ್ಷದ ಮಾರ್ಚ್‌ಗೆ, ಅದರಾಚೆಗೆ ಹೋದವು. ಅಕ್ಕನದು ಏಪ್ರಿಲ್‌ಗೆ ಹೋಯಿತು.

ಈಗ ಅಕ್ಕ ರಾತ್ರಿ ಎಂಟೂವರೆಗೆ ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ತೆರೆದು ಬೆಳಗಿನ ಜಾವದವರೆಗೆ ಕೆಲಸ ಮಾಡ್ತಾಳೆ. ಅವಳ ಕಂಪನಿ ಫೆಬ್ರವರಿ ಕೊನೆಯವರೆಗೆ ಇಲ್ಲಿಂದ ಕೆಲಸ ಮಾಡಲು ಒಪ್ಪಿದೆ. ಅದರಾಚೆ ಏನು ಅಂತ ಬರೆದು ಕೊಟ್ಟಿಲ್ಲ. ಡಲ್ಲಾಸ್‌ನಲ್ಲಿ ಮನೆ ಬಾಡಿಗೆ, ಕಾರಿನ ಕಂತು ಓಡುತ್ತಿವೆ. ಮನೆಯಲ್ಲಿ ಈ ಕ್ಷಣ ಅಮೆರಿಕಕ್ಕೆ ಹೋಗಬಹುದಾದವನು ಒಬ್ಬನೇ, ಅಲ್ಲೇ ಹುಟ್ಟಿ ಅಲ್ಲಿಯ ಪೌರನಾದ ಈ ಏಳು ವರ್ಷದವನು. ಎರಡನೇ ಕ್ಲಾಸಿನ ಪಾಠಗಳನ್ನು ಭಾವ ಬೆಳಿಗ್ಗೆ ಹೊತ್ತು ಕೂರಿಸಿಕೊಂಡು ಹೇಳಿಕೊಡ್ತಾರೆ.

ಹುಟ್ಟಿನಿಂದ ಬರುವ ಪೌರತ್ವದ ಬಗ್ಗೆಯೂ ಅಲ್ಲಿ ಈಗ ಜಗಳ ನಡೀತಿದೆ. 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಟ್ರಂಪ್ ಹೊರಡಿಸಿದ ಆದೇಶದ ಪ್ರಕಾರ ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆ ಪೌರನೂ ಅಲ್ಲದೆ ಗ್ರೀನ್ ಕಾರ್ಡೂ ಇಲ್ಲದವನಾದರೆ ಮಗುವಿಗೆ ಪೌರತ್ವ ಸಿಗಬಾರದು. ಕೋರ್ಟುಗಳು ತಡೆದಿವೆ, ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಗೆ ಒಪ್ಪಿಕೊಂಡಿದೆ. ಆ ಆದೇಶ ಹಿಂದೆ ಹುಟ್ಟಿದವರಿಗೆ ಅನ್ವಯಿಸಲ್ಲ, ನಮ್ಮ ಹುಡುಗನಿಗೆ ತೊಂದರೆ ಇಲ್ಲ. ಆದರೆ ಅಕ್ಕ ಎರಡನೇ ಮಗುವಿನ ಮಾತು ಎತ್ತೋದನ್ನು ಬಿಟ್ಟು ವರ್ಷವಾಯಿತು.

ಜಯದೇವ ಆಸ್ಪತ್ರೆ

ಈ ಸ್ಟೇಷನ್ ಬಂದಾಗ ಮಗುವಾದರೂ ಸರಿ, ಎಂಜಿನಿಯರ್ ಆದರೂ ಸರಿ, ಕೆಳಗೆ ನೋಡಲೇಬೇಕು. ಅಂಡರ್‌ಪಾಸ್, ನೆಲದ ರಸ್ತೆ, ಮೇಲ್ಸೇತುವೆ, ಹಳದಿ ಮಾರ್ಗ, ಮುಂದೆ ಬರಲಿರುವ ಗುಲಾಬಿ ಮಾರ್ಗ, ಹೀಗೆ ಒಂದೇ ಜಾಗದಲ್ಲಿ ಐದು ಹಂತ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನ ಡಬಲ್ ಡೆಕರ್ ಸೇತುವೆಯಲ್ಲಿ ವಾಹನಗಳು 2024ರ ಜುಲೈನಿಂದಲೇ ಓಡಾಡುತ್ತಿದ್ದವು. ಮೇಲಿನ ಹಳಿ ಮಾತ್ರ ರೈಲಿಲ್ಲದೆ ಖಾಲಿ ಇತ್ತು.

ಯಾಕೆ ಖಾಲಿ ಇತ್ತು ಅನ್ನೋ ಕಥೆ ನನಗೆ ಈ ಪಯಣದ ಮುಖ್ಯ ಕಥೆ. 2019ರ ಡಿಸೆಂಬರ್‌ನಲ್ಲಿ ನಮ್ಮ ಮೆಟ್ರೊ ನಿಗಮ 216 ಬೋಗಿಗಳ ಗುತ್ತಿಗೆಯನ್ನು ಚೀನಾದ ಸಿಆರ್‌ಆರ್‌ಸಿ ಕಂಪನಿಗೆ ಕೊಟ್ಟಿತು, 1,578 ಕೋಟಿ ರೂಪಾಯಿಗೆ. ಹೆಚ್ಚಿನ ಬೋಗಿಗಳನ್ನು ಭಾರತದಲ್ಲೇ ತಯಾರಿಸಬೇಕು ಅನ್ನೋ ಷರತ್ತಿತ್ತು. ನಾಲ್ಕೇ ತಿಂಗಳಿಗೆ, 2020ರ ಏಪ್ರಿಲ್‌ನಲ್ಲಿ, ಗಡಿ ಹಂಚಿಕೊಂಡ ದೇಶಗಳಿಂದ ಬರುವ ಹೂಡಿಕೆಗೆ ಸರ್ಕಾರದ ಅನುಮತಿ ಕಡ್ಡಾಯ ಅಂತ ಕೇಂದ್ರ ನಿಯಮ ಮಾಡಿತು. ಜೂನ್‌ನಲ್ಲಿ ಗಾಲ್ವಾನ್ ಆಯಿತು. ನಮ್ಮ ಯೋಧರು 20 ಮಂದಿ ಸತ್ತರು. ಚೀನಾ ಕಂಪನಿಗೆ ಇಲ್ಲಿ ಕಾರ್ಖಾನೆ ಮಾಡಲಾಗಲಿಲ್ಲ. ಕಡೆಗೆ ಬಂಗಾಳದ ಟಿಟಾಗಢ ಕಂಪನಿಯ ಜೊತೆ ಸೇರಿ ಕೆಲಸ ಮುಂದುವರಿಸಬೇಕಾಯಿತು. ಮೊದಲ ರೈಲು ಚೀನಾದಿಂದ ಹಡಗಿನಲ್ಲಿ ಚೆನ್ನೈಗೆ, ಅಲ್ಲಿಂದ ಹೆಬ್ಬಗೋಡಿ ಡಿಪೊಗೆ ಬಂದಿದ್ದು 2024ರ ಫೆಬ್ರವರಿಯಲ್ಲಿ. ಇದರ ನಡುವೆ ಇನ್ನೊಂದು ತೊಡಕು, ಚೀನಾದ ಎಂಜಿನಿಯರುಗಳಿಗೆ ಭಾರತದ ವೀಸಾ ಸಿಗುವುದು ತಡವಾಯಿತು.

ಇದನ್ನು ಓದಿದಾಗ ನನಗೆ ನಗು ಬಂತು, ಆಮೇಲೆ ನಗು ನಿಂತಿತು. ಅಲ್ಲೆಲ್ಲೋ ಚೀನಾದ ಒಂದು ಊರಲ್ಲಿ ನನ್ನ ವಯಸ್ಸಿನ ಒಬ್ಬ ಎಂಜಿನಿಯರ್ ಭಾರತದ ವೀಸಾ ಯಾವಾಗ ಬರುತ್ತೆ ಅಂತ ಕಾಯುತ್ತಿದ್ದ. ಅವನು ಬಂದಿದ್ದರೆ ನಮ್ಮ ರೈಲು ಬೇಗ ಓಡುತ್ತಿತ್ತು. ಬರದಿದ್ದಕ್ಕೆ ನಾವು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ದಿನಕ್ಕೆ ಒಂದೂವರೆ ಗಂಟೆ ಹೆಚ್ಚು ಕಾದೆವು. ತಡೆದವರು ಕೊಟ್ಟ ಕಾರಣವೂ ರಾಷ್ಟ್ರೀಯ ಭದ್ರತೆಯೇ. ಆ ಕಾರಣ ಸುಳ್ಳು ಅಂತ ನಾನು ಹೇಳಲ್ಲ. ಗಾಲ್ವಾನ್ ಸುಳ್ಳಲ್ಲ. ಆದರೆ ಅಂಥ ನಿರ್ಧಾರಕ್ಕೆ ಬೆಲೆ ಕೊಡುವವನು ಗಡಿಯಲ್ಲಿ ಕಲ್ಲು ಹೊಡೆದವನಲ್ಲ. ಟೂಲ್‌ಬಾಕ್ಸ್ ಹಿಡಿದುಕೊಂಡ ಎಂಜಿನಿಯರ್, ಬಸ್ ಸ್ಟಾಪಿನಲ್ಲಿ ನಿಂತ ಪ್ರಯಾಣಿಕ, ಇವರು ಕೊಡ್ತಾರೆ. ಚೆನ್ನೈ ಕಾನ್ಸುಲೇಟ್ ಮುಂದೆ ನಮ್ಮಕ್ಕ ಯಾವ ಕಡೆ ನಿಂತಿದ್ದಾಳೋ, ದೆಹಲಿಯ ಕಿಟಕಿಯ ಮುಂದೆ ಅವನು ಅದೇ ಕಡೆ ನಿಂತಿದ್ದ.

ಬಿಟಿಎಂ ಲೇಔಟ್

ಬೈರಸಂದ್ರ, ತಾವರೆಕೆರೆ, ಮಡಿವಾಳ, ಈ ಮೂರು ಊರುಗಳ ಮೊದಲ ಅಕ್ಷರ ಸೇರಿ ಬಿಟಿಎಂ ಆಯಿತು ಅಂತ ಇಲ್ಲಿ ಇರುವ ಅರ್ಧ ಜನಕ್ಕೆ ಗೊತ್ತಿಲ್ಲ. ಗೊತ್ತಿರಬೇಕು ಅಂತಲೂ ಇಲ್ಲ, ಅವರು ಬಂದಿರೋದೇ ಮೊನ್ನೆ ಮೊನ್ನೆ. ರೈಲಿನಿಂದ ನೋಡಿದರೆ ಪ್ರತಿ ಎರಡನೇ ಕಟ್ಟಡಕ್ಕೂ ಪಿಜಿ ಬೋರ್ಡು. ಮಹಡಿ ಮೇಲೆ ಸಾಲಾಗಿ ಒಣಗಲು ಹಾಕಿದ ಟಿ-ಶರ್ಟುಗಳು. ಬಿಹಾರ, ಒಡಿಶಾ, ಆಂಧ್ರ, ಕೇರಳ, ನಮ್ಮ ಕಲಬುರಗಿ, ರಾಯಚೂರು, ಎಲ್ಲ ಕಡೆಯ ಹುಡುಗ ಹುಡುಗಿಯರು ಮೂರು ಜನಕ್ಕೊಂದು ರೂಮಿನಲ್ಲಿದ್ದುಕೊಂಡು ಕೋರ್ಸ್ ಮಾಡ್ತಾ, ಕೆಲಸ ಹುಡುಕ್ತಾ ಇರ್ತಾರೆ.

ಇವರ ಬಗ್ಗೆ ನಮ್ಮ ಮನೆಗಳಲ್ಲಿ ಏನು ಮಾತಾಡ್ತೀವಿ ಅಂತ ನೆನಪು ಮಾಡಿಕೊಳ್ಳಿ. ಬಾಡಿಗೆ ಏರಿಸಿದ್ದು ಇವರೇ, ಕಡಿಮೆ ಸಂಬಳಕ್ಕೆ ಒಪ್ಪಿ ನಮ್ಮ ಹುಡುಗರ ಕೆಲಸ ಕಿತ್ಕೊಳ್ಳೋರು ಇವರೇ, ಕನ್ನಡ ಕಲಿಯಲ್ಲ, ತಮ್ಮ ಊರಿನವರನ್ನೇ ಕೆಲಸಕ್ಕೆ ಸೇರಿಸ್ಕೋತಾರೆ. ಈಗ 'ಕನ್ನಡ' ತೆಗೆದು 'ಇಂಗ್ಲಿಷ್' ಹಾಕಿ, ಊರಿನ ಹೆಸರು ಬದಲಿಸಿ. ಅಮೆರಿಕದಲ್ಲಿ ನಮ್ಮ ಬಗ್ಗೆ ಆಡುವ ಮಾತು ಇದೇ.

ಅವರ ಕಡೆಯ ವಾದವನ್ನೂ ಪೂರ್ತಿ ಕೇಳಬೇಕು. 2015ರಲ್ಲಿ ಫ್ಲಾರಿಡಾದ ಡಿಸ್ನಿಯಲ್ಲಿ ಸುಮಾರು 250 ತಂತ್ರಜ್ಞರನ್ನು ತೆಗೆದರು ಅನ್ನೋದು ಅಲ್ಲಿ ದೊಡ್ಡ ಸುದ್ದಿಯಾಯಿತು. ಹೋಗುವ ಮುಂಚೆ ತಮ್ಮ ಕೆಲಸವನ್ನು, ಹೊರಗುತ್ತಿಗೆ ಕಂಪನಿಯ ಮೂಲಕ ಬಂದ ಭಾರತೀಯರಿಗೆ ಹೇಳಿಕೊಡಬೇಕಾದ ಸ್ಥಿತಿ ಹಲವರಿಗೆ ಬಂತು. ಅಂಥವನ ಮನೆಯಲ್ಲಿ ಅವತ್ತು ರಾತ್ರಿ ಊಟ ಸೇರಿರಲ್ಲ. ಅವನ ಸಿಟ್ಟಿಗೆ ಅರ್ಥ ಇದೆ. 2024ರ ಡಿಸೆಂಬರ್‌ನಲ್ಲಿ ಟ್ರಂಪ್ ಪಾಳಯದೊಳಗೇ ಈ ಬಗ್ಗೆ ದೊಡ್ಡ ಜಗಳವಾಯಿತು. ಪ್ರತಿಭೆ ಬೇಕು ಅಂತ ಇಲಾನ್ ಮಸ್ಕ್, ವಿವೇಕ್ ರಾಮಸ್ವಾಮಿ ಒಂದು ಕಡೆ, ಅಮೆರಿಕನ್ನರಿಗೆ ಮೊದಲು ಅಂತ ಸ್ಟೀವ್ ಬ್ಯಾನನ್ ಇನ್ನೊಂದು ಕಡೆ.

ನಮ್ಮಲ್ಲೂ ಆಗಿದೆಯಲ್ಲ. 1980ರ ದಶಕದ ಸರೋಜಿನಿ ಮಹಿಷಿ ವರದಿಯಿಂದ ಶುರುವಾದ ಮಾತು ಅದು. 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ. ಉದ್ಯಮಿಗಳು ಗಲಾಟೆ ಎಬ್ಬಿಸಿದರು, ಎರಡೇ ದಿನದಲ್ಲಿ ತಡೆಹಿಡಿದರು. ಆ ವಾರ ನಮ್ಮ ಆಫೀಸಿನ ಕ್ಯಾಂಟೀನ್‌ನಲ್ಲಿ ಮಸೂದೆಯ ಪರವಾಗಿ ಜೋರಾಗಿ ಮಾತಾಡಿದವರಲ್ಲಿ ಇಬ್ಬರು, ಒಂದು ವರ್ಷದ ನಂತರ ಟ್ರಂಪ್ ಆದೇಶ ಬಂದಾಗ ಅದನ್ನು ಜನಾಂಗದ್ವೇಷ ಅಂದರು. ಎರಡೂ ಒಂದೇ ಅಲ್ಲ ಅನ್ನೋದು ಅವರ ವಾದ: ನಮ್ಮ ಭಾಷೆ ಉಳಿಯಬೇಕು, ಅವರದಕ್ಕೆ ಏನೂ ಆಗಿಲ್ಲ ಅಂತ. ಅದರಲ್ಲಿ ಹುರುಳಿದೆ. ಆದರೂ ಬಿಟಿಎಂ ಪಿಜಿಯ ಹುಡುಗನ ಕಣ್ಣಿಗೆ ನಾವು ಹೇಗೆ ಕಾಣ್ತೀವಿ ಅನ್ನೋದನ್ನು ಡಲ್ಲಾಸ್‌ನಲ್ಲಿ ಇದ್ದುಬಂದ ಅಕ್ಕನಷ್ಟು ಚೆನ್ನಾಗಿ ನನಗೆ ಯಾರೂ ಹೇಳಿಲ್ಲ. "ಅಲ್ಲಿ ನಾನೂ ಪಿಜಿ ಹುಡುಗಿಯೇ ಕಣೋ, ಹನ್ನೊಂದು ವರ್ಷದಿಂದ," ಅಂತ ಅವಳ ಮಾತು.

ಸಿಲ್ಕ್ ಬೋರ್ಡ್ ದಾಟಿ ಬೊಮ್ಮನಹಳ್ಳಿ

ಸಿಲ್ಕ್ ಬೋರ್ಡ್ ಬಗ್ಗೆ ಹೊಸದಾಗಿ ಹೇಳೋದು ಏನೂ ಇಲ್ಲ. ಮೇಲಿನಿಂದ ನೋಡಿದರೆ ಆ ಟ್ರಾಫಿಕ್ ಚೆಂದ ಕಾಣಿಸುತ್ತೆ ಅಷ್ಟೆ. ಅಲ್ಲಿಂದ ರೈಲು ದಕ್ಷಿಣಕ್ಕೆ ಹೊಸೂರು ರಸ್ತೆ ಹಿಡಿಯುತ್ತೆ.

ಬೊಮ್ಮನಹಳ್ಳಿ ಬಂದರೆ ಪಿಜಿಗಳ ಮಧ್ಯೆ ಉದ್ದ ಕಿಟಕಿಗಳ, ಬಣ್ಣ ಮಾಸಿದ ಕಟ್ಟಡಗಳು ಕಾಣಿಸ್ತವೆ. ಅವು ಗಾರ್ಮೆಂಟ್ಸ್. ವಾರದ ದಿನ ಬೆಳಿಗ್ಗೆ ಎಂಟೂವರೆಗೆ ಇಲ್ಲಿ ಗೇಟಿನ ಮುಂದೆ ಊಟದ ಡಬ್ಬಿ ಹಿಡಿದ ಹೆಂಗಸರ ಸಾಲು. ಇವರು ಹೊಲಿಯುವ ಅಂಗಿಗಳಲ್ಲಿ ಬಹಳಷ್ಟು ಅಮೆರಿಕದ ಅಂಗಡಿಗಳಿಗೆ ಹೋಗುತ್ತವೆ. ದೇಶದ ಸಿದ್ಧ ಉಡುಪು ರಫ್ತಿನಲ್ಲಿ ಸುಮಾರು ಮೂರನೇ ಒಂದು ಭಾಗ ಅಮೆರಿಕಕ್ಕೇ.

2025ರ ಆಗಸ್ಟ್ 7ರಿಂದ ಭಾರತದ ಸರಕಿನ ಮೇಲೆ ಅಮೆರಿಕ ಶೇ 25 ಹೆಚ್ಚುವರಿ ಸುಂಕ ಹಾಕಿತು. ರಷ್ಯಾದಿಂದ ಕಚ್ಚಾ ತೈಲ ಕೊಳ್ಳುತ್ತಿದ್ದೀರಿ ಅಂತ ದಂಡದ ಹಾಗೆ ಇನ್ನೊಂದು ಶೇ 25 ಸೇರಿತು, ಒಟ್ಟು 50. ಅದು ಜಾರಿಗೆ ಬಂದಿದ್ದು ಆಗಸ್ಟ್ 27ರಂದು, ವಾಷಿಂಗ್ಟನ್ ಸಮಯ ರಾತ್ರಿ 12 ಗಂಟೆ 1 ನಿಮಿಷಕ್ಕೆ. ನಮ್ಮಲ್ಲಿ ಬೆಳಿಗ್ಗೆ 9.31. ಅವತ್ತು ಗಣೇಶ ಚತುರ್ಥಿ. ಗಾರ್ಮೆಂಟ್ಸ್ ಹೆಂಗಸರು ಮನೆಯಲ್ಲಿ ಕಡುಬು ಮಾಡುತ್ತಿದ್ದ ಹೊತ್ತು.

ಉಕ್ರೇನ್ ಯುದ್ಧ, ರಷ್ಯಾದ ತೈಲ, ಗುಜರಾತಿನ ಸಂಸ್ಕರಣಾಗಾರ, ಶ್ವೇತಭವನದ ಸಹಿ, ಆಮೇಲೆ ಬೊಮ್ಮನಹಳ್ಳಿಯ ಹೊಲಿಗೆ ಮೆಷಿನ್. ಈ ಸರಪಳಿಯ ಕೊನೆಯ ಕೊಂಡಿಯಲ್ಲಿರುವವಳು ಒಂದು ಲೀಟರ್ ಕಚ್ಚಾ ತೈಲ ನೋಡಿದವಳಲ್ಲ. ನಮ್ಮ ಸಾಫ್ಟ್‌ವೇರ್‌ಗೆ ಸುಂಕ ಇಲ್ಲ, ಅದು ಸೇವೆ. ಸುಂಕ ಬೀಳುವುದು ಪೆಟ್ಟಿಗೆಯಲ್ಲಿ ಹೋಗುವ ಅಂಗಿಯ ಮೇಲೆ. ಮನೆಗೆಲಸಕ್ಕೆ ಬರುವವರ ಮಗಳು ಇಲ್ಲಿಯ ಒಂದು ಕಾರ್ಖಾನೆಯಲ್ಲಿದ್ದಾಳೆ. ದಸರಾ ಆದಮೇಲೆ ಓವರ್‌ಟೈಮ್ ನಿಂತುಹೋಯಿತು. ಅವಳ ಪ್ರಕಾರ ತಿಂಗಳಿಗೆ ಎರಡು ಸಾವಿರ ಖೋತಾ. ಅಮೆರಿಕದ ವಿಷಯ ಮಾತಾಡುವಾಗ ನಾವು ಎಚ್-1ಬಿಯನ್ನೇ ಹಿಡಿದುಕೊಂಡಿರ್ತೀವಿ, ಯಾಕಂದರೆ ಪತ್ರಿಕೆ ಓದುವವರು ನಾವು.

ಆದರೆ ಇವರನ್ನು ಬರೀ ಪಾಪದವರು ಅಂತ ನೋಡಬೇಡಿ. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಪಿಎಫ್ ಹಣ ವಾಪಸ್ ತೆಗೆಯಲು ಕಟ್ಟುಪಾಡು ಹಾಕಿದಾಗ, ಇದೇ ಹೊಸೂರು ರಸ್ತೆಯಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಕೂತುಬಿಟ್ಟರು. ಎರಡು ದಿನದಲ್ಲಿ ದೆಹಲಿ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ವಾಷಿಂಗ್ಟನ್ ಮುಂದೆ ಹೀಗೆ ಕೂರೋಕೆ ರಸ್ತೆ ಇಲ್ಲ. ತೊಂದರೆ ಇರೋದು ಅಲ್ಲೇ. ನಮ್ಮ ಬದುಕನ್ನು ತಿರುಗಿಸುವ ನಿರ್ಧಾರ ಮಾಡುವವರಿಗೆ ನಾವು ಓಟು ಹಾಕಲ್ಲ, ಅವರ ಮನೆ ಮುಂದೆ ಕೂರೋಕಾಗಲ್ಲ.

ಎಲೆಕ್ಟ್ರಾನಿಕ್ ಸಿಟಿ

ಎಡಕ್ಕೆ ಬಲಕ್ಕೆ ಗಾಜಿನ ಕಟ್ಟಡಗಳು ಶುರುವಾದರೆ ನನ್ನ ಸ್ಟೇಷನ್ ಬಂತು ಅಂತ. 1970ರ ದಶಕದ ಕೊನೆಯಲ್ಲಿ ಆರ್.ಕೆ. ಬಾಳಿಗ ಅನ್ನೋರು ಕಿಯೋನಿಕ್ಸ್ ಮೂಲಕ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 335 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಊರು ಮಾಡ್ತೀನಿ ಅಂದಾಗ ಸುತ್ತ ಹೊಲಗಳಿದ್ದವು. ಈಗ ಇಲ್ಲಿಗೆ ಅಮೆರಿಕವೇ ಬಂದು ಕೂತಿದೆ.

2025ರ ಸೆಪ್ಟೆಂಬರ್ 19, ಶುಕ್ರವಾರ. ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕು ಅಂತ ಟ್ರಂಪ್ ಸಹಿ ಮಾಡಿದರು. ನಮ್ಮ ಲೆಕ್ಕದಲ್ಲಿ ಆಗ ಸುಮಾರು 88 ಲಕ್ಷ ರೂಪಾಯಿ. ನಮಗೆ ಸುದ್ದಿ ಬಂದಾಗ ಶನಿವಾರ ಬೆಳಗಿನ ಜಾವ. ಜಾರಿ ಭಾನುವಾರ, ಮತ್ತೆ ನಮ್ಮ ಸಮಯ 9.31ಕ್ಕೇ. ಅವತ್ತು ಮಹಾಲಯ ಅಮಾವಾಸ್ಯೆ, ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುವ ದಿನ. ಈಗಾಗಲೇ ವೀಸಾ ಇರುವವರಿಗೂ ಅನ್ವಯಿಸುತ್ತೋ ಇಲ್ಲವೋ ಯಾರಿಗೂ ಖಾತ್ರಿ ಇರಲಿಲ್ಲ. ರಜೆಗೆ ಬಂದವರು ವಿಮಾನ ನಿಲ್ದಾಣಕ್ಕೆ ಓಡಿದರು. ಅಲ್ಲಿಂದ ಹೊರಡಬೇಕಿದ್ದವರು ವಿಮಾನದಿಂದಲೇ ಇಳಿದರು ಅಂತ ಸುದ್ದಿಯಾಯಿತು. ಶನಿವಾರವೇ ಶ್ವೇತಭವನ ಸ್ಪಷ್ಟನೆ ಕೊಟ್ಟಿತು, ಇದು ಹೊಸ ಅರ್ಜಿಗೆ ಮಾತ್ರ, ಒಂದೇ ಸಲ ಅಂತ. ಆದೇಶದಲ್ಲಿ ಕೊಟ್ಟ ಕಾರಣಗಳಲ್ಲಿ ಇಲ್ಲೂ ರಾಷ್ಟ್ರೀಯ ಭದ್ರತೆ ಇತ್ತು. ಅಮೆರಿಕದ ಮಕ್ಕಳು ವಿಜ್ಞಾನ, ತಂತ್ರಜ್ಞಾನ ಓದುವ ಆಸೆ ಬಿಡುತ್ತಿದ್ದಾರೆ ಅಂತ. ಉದ್ಯಮಿಗಳ ಸಂಘ ಕೋರ್ಟಿಗೆ ಹೋಯಿತು. ಡಿಸೆಂಬರ್‌ನಲ್ಲಿ ಫೆಡರಲ್ ಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು.

ನಾನು ಕೆಲಸ ಮಾಡೋದು ಅಮೆರಿಕದ ಒಂದು ವಿಮಾ ಕಂಪನಿಯ ಬೆಂಗಳೂರು ಕಚೇರಿಯಲ್ಲಿ. ಇಂಥವನ್ನು ಜಿಸಿಸಿ ಅಂತಾರೆ. ನಾಸ್ಕಾಂ ಲೆಕ್ಕದಲ್ಲಿ 2024ಕ್ಕೆ ದೇಶದಲ್ಲಿ 1,700ಕ್ಕೂ ಹೆಚ್ಚು ಇದ್ದವು, ಅತಿ ಹೆಚ್ಚು ಬೆಂಗಳೂರಲ್ಲಿ. ನಮ್ಮ ತಂಡದಲ್ಲಿ ನಾಲ್ವರ ಹೆಸರು ಅಮೆರಿಕಕ್ಕೆ ಕಳಿಸುವ ಪಟ್ಟಿಯಲ್ಲಿತ್ತು, ನನ್ನದೂ ಸೇರಿ. ಅಕ್ಟೋಬರ್‌ನಲ್ಲಿ ಪಟ್ಟಿ ರದ್ದಾಯಿತು. ಅದೇ ತಿಂಗಳು ನಮ್ಮ ಮಹಡಿಯಲ್ಲಿ ನಲವತ್ತು ಹೊಸ ಸೀಟು ಹಾಕಿದರು. ಮ್ಯಾನೇಜರ್ ಲೆಕ್ಕ ಸರಳವಾಗಿ ಹೇಳಿದರು: ಒಬ್ಬರನ್ನು ಕಳಿಸಲು ಕಟ್ಟುವ ಶುಲ್ಕದಲ್ಲಿ ಇಲ್ಲಿ ಇಬ್ಬರು ಅನುಭವಿಗಳಿಗೆ ವರ್ಷವಿಡೀ ಸಂಬಳ ಕೊಡಬಹುದು. ಕೆಲಸ ಅಮೆರಿಕದಲ್ಲೇ ಉಳಿಯಲಿ ಅಂತ ಕಟ್ಟಿದ ಬೇಲಿ ಕೆಲಸವನ್ನೇ ಕೋನಪ್ಪನ ಅಗ್ರಹಾರಕ್ಕೆ ತಳ್ಳುತ್ತಿದೆ.

ಹಾಗಂತ ಹಿಗ್ಗೋಕೂ ಆಗಲ್ಲ. ಅದು ಅವರಿಗೂ ಗೊತ್ತಾಗಿದೆ. ವಿದೇಶಕ್ಕೆ ಹೊರಗುತ್ತಿಗೆ ಕೊಡುವ ಪಾವತಿ ಮೇಲೆ ಶೇ 25 ತೆರಿಗೆ ಹಾಕುವ ಮಸೂದೆಯನ್ನು ಒಹಾಯೊದ ಸೆನೆಟರ್ ಬರ್ನಿ ಮೊರೆನೊ ಸೆಪ್ಟೆಂಬರ್‌ನಲ್ಲೇ ಮಂಡಿಸಿದ್ದಾರೆ. ಪಾಸಾಗಿಲ್ಲ. ಪಾಸಾದರೆ ಆ ನಲವತ್ತು ಸೀಟುಗಳ ಜೊತೆ ನನ್ನದೂ ಲೆಕ್ಕಕ್ಕೆ ಬರುತ್ತೆ. ಲಾಟರಿಯೂ ಬದಲಾಗುತ್ತಿದೆ. ಫೆಬ್ರವರಿ 27ರಿಂದ ಹೆಚ್ಚು ಸಂಬಳದವರಿಗೆ ಹೆಚ್ಚು ಅವಕಾಶ, ಅತಿ ಮೇಲಿನ ವೇತನ ಹಂತದವರ ಹೆಸರು ನಾಲ್ಕು ಸಲ, ಕೆಳಗಿನವರದ್ದು ಒಂದೇ ಸಲ. ಸಾಲ ಮಾಡಿ ಎಂಎಸ್‌ಗೆ ಹೋದ, ಈಗಷ್ಟೇ ಓದು ಮುಗಿಸಿದ ಹುಡುಗ ಹುಡುಗಿಯರಿಗೆ ಇದು ನೇರ ಹೊಡೆತ. ನಿಮ್ಮ ಮನೆಯಲ್ಲಿ ಯಾರಾದರೂ ಈ ವರ್ಷ ಹೊರಡುವವರಿದ್ದರೆ ಬ್ಯಾಂಕ್ ಸಾಲಕ್ಕೆ ಸಹಿ ಹಾಕುವ ಮುಂಚೆ ಈ ನಿಯಮ ಓದಿಸಿ. ರಜೆಗೆ ಬರುವವರಿದ್ದರೆ, ಪಾಸ್‌ಪೋರ್ಟಿನ ವೀಸಾ ಇನ್ನೂ ಚಾಲ್ತಿಯಲ್ಲಿದೆಯಾ ನೋಡಿಕೊಂಡು ಟಿಕೆಟ್ ಮಾಡಿ ಅನ್ನಿ. ಹಬ್ಬ, ಶಾಂತಿ ಯಾವುದಾದರೂ ಆಗಲಿ.

ಕೋನಪ್ಪನ ಅಗ್ರಹಾರದಲ್ಲಿ ಇಳಿದೆವು. ಭಾನುವಾರ ಆದ್ದರಿಂದ ಪ್ಲಾಟ್‌ಫಾರ್ಮ್ ಖಾಲಿ. ನನ್ನ ಆಫೀಸು ಯಾವುದು ಅಂತ ಕೇಳಿದ, ತೋರಿಸಿದೆ. "ಮಾಮ, ಅದು ಅಮೆರಿಕದ ಕಂಪನಿ ಅಲ್ವಾ? ಅಮ್ಮ ಇಲ್ಲೇ ಕೆಲಸ ಮಾಡಬಹುದಲ್ಲ?" ಅಂದ. ಹಿಂದಿನ ವಾರ ನಾನೂ ಅಕ್ಕನೂ ರಾತ್ರಿ ಎರಡರವರೆಗೆ ಮಾತಾಡಿದ್ದು ಅದನ್ನೇ. ನಮ್ಮ ಕಚೇರಿಯಲ್ಲಿ ಅವಳ ಅನುಭವಕ್ಕೆ ಸರಿಯಾದ ಜಾಗ ಒಂದು ಖಾಲಿ ಇದೆ. ಹಾಕಿದರೆ ಹನ್ನೊಂದು ವರ್ಷದ ಮನೆ, ಗ್ರೀನ್ ಕಾರ್ಡಿನ ಸಾಲು, ಅವನ ಶಾಲೆ, ಗೆಳೆಯರು ಎಲ್ಲ ಬಿಟ್ಟ ಹಾಗೆ. ಹಾಕದಿದ್ದರೆ ಏಪ್ರಿಲ್‌ವರೆಗೆ ಇನ್ನೊಬ್ಬರ ಕೈಯಲ್ಲಿರುವ ಕೆಲಸ ನಂಬಿಕೊಂಡು ಕೂರಬೇಕು. ಅವಳು ಇನ್ನೂ ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ. ಅರ್ಜಿ ಹಾಕುವ ಕೊನೇ ದಿನ ಜನವರಿ 31.

ಮಾವಳ್ಳಿಯಿಂದ ಬೊಮ್ಮಸಂದ್ರದವರೆಗೆ ಹೀಗೆ ಯಾವುದೋ ಒಂದು ದಿನಾಂಕಕ್ಕೆ ಕಾಯುತ್ತಿರುವ ಮನೆಗಳು ಎಷ್ಟಿವೆಯೋ. ನಿಮ್ಮದೂ ಒಂದಾಗಿದ್ದರೆ, ಒಂದು ಭಾನುವಾರ ಈ ರೈಲು ಹತ್ತಿ. ಕಾಯೋದು ಕಡಿಮೆಯಾಗಲ್ಲ. ಯಾರು ಯಾರು ಕಾಯ್ತಿದ್ದಾರೆ ಅಂತ ಗೊತ್ತಾಗುತ್ತೆ.